ಕೋಡ್‌ಗೂ ಹಾಲಿಗೂ ನಡುವೆ ನಿಂತ ಡೊನ್ಕಕ್ಕ

ಬೆಳಗಿನ ಜಾವ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಎಲೆನಾ ಪಟ್ಟಣದ ಹೊರಗಿರುವ ಡೇರಿಯ ಅಂಗಳದಲ್ಲಿ ನಾಲ್ಕು ಹಾಲಿನ ಟ್ಯಾಂಕರುಗಳು ಎಂಜಿನ್ ಬಿಸಿ ಮಾಡಿಕೊಳ್ಳುತ್ತಿವೆ. ಮೇ ತಿಂಗಳಾದರೂ ಬೆಟ್ಟದಿಂದ ಇಳಿಯುವ ಗಾಳಿ ಕಿವಿ ಕೊರೆಯುತ್ತಿದೆ. ಕಾಫಿ ಯಂತ್ರದ ಮುಂದೆ ನಿಂತ ಡೊನ್ಕಾ ಮಿಹೊವಾ ಮೂರು ಪ್ಲಾಸ್ಟಿಕ್ ಲೋಟ ತುಂಬಿಸಿಕೊಳ್ಳುತ್ತಾರೆ. ಒಂದು ಟ್ಯಾಂಕರ್ ಚಾಲಕ ಮಿಂಚೊ ಅವರಿಗೆ, ಒಂದು ತಮಗೆ. ಮೂರನೆಯದನ್ನು, ಬಿಳಿ ಬೂಟು ತೊಟ್ಟು ನಡುಗುತ್ತಾ ನಿಂತಿರುವ ವೆಸೆಲಿನ್ ಅವರ ಕೈಗೆ ತುರುಕುತ್ತಾರೆ. ವೆಸೆಲಿನ್ ಸಾಫ್ಟ್‌ವೇರ್ ಡೆವಲಪರ್. ಬ್ಯಾಂಕೊಂದರ ಕೆಲಸ ಬಿಟ್ಟು ಇಲ್ಲಿಗೆ ಬಂದು ಮೂರು ವಾರವಾಗಿದೆ. ಹಾಲಿನ ಟ್ಯಾಂಕರನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು.

"ಈ ತಿಂಗಳು ಏನು ಕಲೀತಿದ್ದೀಯಪ್ಪ?" ಡೊನ್ಕಾ ಕೇಳುತ್ತಾರೆ.

"ನೆಟ್‌ವರ್ಕ್ ಇಲ್ಲದ ಕಡೆ ಮಾಹಿತೀನ ಮೊಬೈಲ್‌ನಲ್ಲೇ ಹಿಡಿದಿಟ್ಟು ಆಮೇಲೆ ಕಳಿಸೋದು ಹೇಗೆ ಅಂತ ಒಂದು ಕೋರ್ಸ್ ಇದೆ ಅಕ್ಕ, ಅದನ್ನ."

"ಒಳ್ಳೇದು. ಅದು ಯಾವ ಊರಿನ ಹಾಲಿಗೆ?"

ಕಲಿಯುವುದಕ್ಕೂ ಹಾಲಿಗೂ ಏನು ಸಂಬಂಧ ಎಂಬ ಪ್ರಶ್ನೆ ವೆಸೆಲಿನ್ ಅವರ ಮುಖದಲ್ಲೇ ಬರೆದಂತಿದೆ. "ಗಾಡಿ ಹತ್ತು, ಗೊತ್ತಾಗುತ್ತೆ" ಎಂದು ಅವರನ್ನು ಟ್ಯಾಂಕರಿಗೆ ಹತ್ತಿಸಿ ಡೊನ್ಕಾ ತಾವೂ ಪಕ್ಕದಲ್ಲಿ ಕೂರುತ್ತಾರೆ.

ಮೂರನೇ ತಿರುವಿನಲ್ಲಿ ಮೊಬೈಲ್ ಸತ್ತಂತಾಗುತ್ತದೆ. ಮೊದಲ ಹಾಲಿನ ಕೇಂದ್ರದಲ್ಲಿ ಮಿಂಚೊ ಹಾಲಿನ ತಂಪು ಅಳೆಯುತ್ತಾರೆ, ನಾಲ್ಕೂವರೆ ಡಿಗ್ರಿ. ಮೊಬೈಲ್‌ನಲ್ಲಿ ಒತ್ತಿದರೆ ಅದು ತಗೊಳ್ಳುವುದಿಲ್ಲ. ಮಿಂಚೊ ಜೇಬಿನಿಂದ ಪೆನ್ನು ತೆಗೆದು ಎಡ ಅಂಗೈಯಲ್ಲಿ 4.5 ಎಂದು ಬರೆದುಕೊಳ್ಳುತ್ತಾರೆ. ಎರಡನೇ ಕೇಂದ್ರದಲ್ಲೂ ಹಾಗೆಯೇ. ಐದನೇ ಊರಿಗೆ ಬರುವಷ್ಟರಲ್ಲಿ ಅಂಗೈ ತುಂಬಿ ಬರಹ ಮಣಿಕಟ್ಟಿಗೆ ಏರಿದೆ, ಮೊದಲಿನ ಎರಡು ಅಂಕಿ ಬೆವರಿಗೆ ಅಳಿಸಿಹೋಗಿವೆ.

"ಇದಕ್ಕೆ" ಎನ್ನುತ್ತಾರೆ ವೆಸೆಲಿನ್, ತಮಗೆ ತಾವೇ ಹೇಳಿಕೊಂಡಂತೆ.

"ಹೂಂ, ಇದಕ್ಕೆ" ಎನ್ನುತ್ತಾರೆ ಡೊನ್ಕಾ.

ಇದೇ ಅವರ ಕೆಲಸ. ಆದರೆ ಸಂಬಳದ ಚೀಟಿಯಲ್ಲಿ ಹಾಗೆ ಬರೆದಿಲ್ಲ. ಅಲ್ಲಿ ಹನ್ನೊಂದು ವರ್ಷದಿಂದಲೂ 'ಗ್ರಾಹಕರ ನೆರವು' ಎಂದಷ್ಟೇ ಇದೆ. ಅಂದರೆ ಫೋನ್ ಎತ್ತುವ ಕೆಲಸ. ಕಂಪನಿ ಇರುವುದು ಟರ್ನೊವೊ ನಗರದಲ್ಲಿ, ನದಿಗೆ ಮುಖ ಮಾಡಿದ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಡೇರಿಗಳ ಹಾಲು ಸಂಗ್ರಹಣೆಗೆ ಬೇಕಾದ ಸಾಫ್ಟ್‌ವೇರ್ ಮಾಡಿಕೊಡುವ ಮೂವತ್ತೊಂದು ಡೆವಲಪರುಗಳು ಅಲ್ಲಿದ್ದಾರೆ. ಬೆಟ್ಟದ ಊರುಗಳಲ್ಲಿ ಇಪ್ಪತ್ತಮೂರು ಹಾಲಿನ ಕೇಂದ್ರಗಳು, ದಿನಕ್ಕೆ ಹನ್ನೊಂದು ಸಾವಿರ ಲೀಟರ್ ಹಾಲು. ಎಂಟು ಗಂಟೆಯೊಳಗೆ ಡೊನ್ಕಾ ಅವರಿಗೆ ಚಾಲಕರಿಂದ ಹದಿನಾಲ್ಕು, ಹದಿನೈದು ಫೋನು. ಫೋನು ಇಟ್ಟ ಮೇಲೆ ಶುರುವಾಗುವುದು ಯಾರೂ ಹೇಳದ, ಯಾರೂ ಹೆಸರಿಡದ ಇನ್ನೊಂದು ಕೆಲಸ. ಯಾವ ಡೆವಲಪರ್ ಏನು ಮಾಡುತ್ತಿದ್ದಾರೆ, ಏನು ಕಲಿಯುತ್ತಿದ್ದಾರೆ, ಅದು ಕೊನೆಗೆ ಯಾವ ಊರಿನ ಯಾರ ಹಾಲನ್ನು ಉಳಿಸಿತು ಎಂದು ಹೊಂದಿಸಿ ನೋಡುವುದು.

"ಶುಕ್ರವಾರ ಮಧ್ಯಾಹ್ನ ಎಲ್ಲರಿಗೂ ಕಲಿಯೋಕೆ ಅಂತ ಬಿಟ್ಟುಕೊಡ್ತೀನಿ" ಎನ್ನುತ್ತಾರೆ ಕಂಪನಿಯ ಮಾಲೀಕ ಪ್ಲಾಮೆನ್ ಡ್ರಾಗ್ನೆವ್. "ಏನು ಬಂತಪ್ಪ ಇದರಿಂದ ಅಂತ ಕೇಳಿದ್ರೆ ಎಲ್ಲರೂ ಸರ್ಟಿಫಿಕೇಟ್ ತೋರಿಸ್ತಿದ್ರು. ಗೋಡೆಗೆ ಹಾಕೋಕೆ ಚೆನ್ನಾಗಿರುತ್ತೆ. ಡೇರಿಯವನಿಗೆ ಸರ್ಟಿಫಿಕೇಟ್ ತೋರಿಸಿದ್ರೆ ಅವನು ಹಾಲು ತೋರಿಸು ಅಂತಾನೆ. ನಮ್ಮಲ್ಲಿ ಹಾಲು ತೋರಿಸಿದವಳು ಡೊನ್ಕಾ ಒಬ್ಬಳೇ."

ಇಂಥ ಹೊಗಳಿಕೆ ಕೇಳಿದರೆ ಬೇರೆಯವರು ನಾಚಿ ನೆಲ ನೋಡಿಯಾರು. ಐವತ್ತೇಳರ ಡೊನ್ಕಾ ಹಾಗಲ್ಲ. "ಒಳ್ಳೆಯವಳು ಅಂತ ಬರೀಬೇಡಿ" ಎನ್ನುತ್ತಾರೆ. "ನನಗೆ ಹೊಟ್ಟೆಕಿಚ್ಚು. ಈ ಕೆಲಸಕ್ಕೆ ನಾನು ಬಂದಿದ್ದೂ ಹೊಟ್ಟೆಕಿಚ್ಚಿನಿಂದ, ಉಳಿದಿದ್ದೂ ಹೊಟ್ಟೆಕಿಚ್ಚಿನಿಂದ. ಮೊದಲು ಅದನ್ನ ಬರ್ಕೊಳ್ಳಿ."

ಆ ಕಿಚ್ಚು ಹೊತ್ತಿಕೊಂಡದ್ದು ಮೂವತ್ತೈದು ವರ್ಷಗಳ ಹಿಂದೆ. ಅದಕ್ಕೂ ಮೂರು ವರ್ಷ ಮೊದಲು ತಾಂತ್ರಿಕ ಶಾಲೆ ಮುಗಿಸಿದ ಹತ್ತೊಂಬತ್ತರ ಹುಡುಗಿ ಡೊನ್ಕಾ ಸರ್ಕಾರಿ ಹಾಲಿನ ಕಾರ್ಖಾನೆಯ ಗಣಕ ಕೇಂದ್ರಕ್ಕೆ ಸೇರಿದ್ದರು. ಬಿಳಿ ಕೋಟು, ತಣ್ಣನೆ ಕೋಣೆ, ಬೀರುವಿನಷ್ಟು ದೊಡ್ಡ ಯಂತ್ರ. ಯಾವ ಊರಿನ ಹಾಲಿನಲ್ಲಿ ಎಷ್ಟು ಜಿಡ್ಡು ಎಂದು ತಿಂಗಳ ಕೊನೆಗೆ ಹೇಳುವ ಪ್ರೋಗ್ರಾಂ ಬರೆದದ್ದು ಅವರೇ. ಮುನ್ನೂರ ಹನ್ನೆರಡು ಸಾಲು. ಇವತ್ತಿಗೂ ಬಾಯಿಪಾಠ. ತೊಂಬತ್ತೊಂದರಲ್ಲಿ ಕಾರ್ಖಾನೆ ಮುಚ್ಚಿತು. ತಾಮ್ರಕ್ಕಾಗಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆದರು. ಬಿಳಿ ಕೋಟನ್ನು ಡೊನ್ಕಾ ಮನೆಗೆ ತಂದರು. ಅವರ ಗಂಡ, ವೆಲ್ಡಿಂಗ್ ಕೆಲಸದ ಗೆಂಚೊ, ಅದನ್ನು ಹರಿದು ಕೈ ಒರೆಸಲು ಬಳಸಿದರು.

"ಅವನಿಗೇನು ಗೊತ್ತು ಪಾಪ" ಎನ್ನುತ್ತಾರೆ ಡೊನ್ಕಾ. "ನಾನೇ ಕೊಟ್ಟೆ, ತಗೋ ಅಂತ."

ಆಮೇಲೆ ಒಳಉಡುಪು ಹೊಲಿಯುವ ಕಾರ್ಖಾನೆ, ಅದು ಮುಚ್ಚಿದ ಮೇಲೆ ಪೆಟ್ರೋಲ್ ಬಂಕು. ಅಲ್ಲಿಂದ ಎಲೆನಾದ ಡೇರಿಗೆ ಬಂದು ಹದಿನಾಲ್ಕು ವರ್ಷ ಟ್ಯಾಂಕರುಗಳನ್ನು ದಾರಿಗೆ ಹಚ್ಚುವ ಕೆಲಸ. ಯಾವ ಊರಿನ ರಸ್ತೆ ಯಾವ ತಿಂಗಳು ಕುಸಿಯುತ್ತದೆ, ಯಾರ ನಾಯಿ ಟೈರು ಕಚ್ಚುತ್ತದೆ ಎಂಬುದೆಲ್ಲ ತಲೆಯೊಳಗೆ ಕೂತದ್ದು ಆಗಲೇ. ಡೇರಿಗೆ ಪ್ಲಾಮೆನ್ ಅವರ ಸಾಫ್ಟ್‌ವೇರ್ ಬಂತು, ದಾರಿಗೆ ಹಚ್ಚುವ ಕೆಲಸ ಹೋಯಿತು. "ನನ್ನ ಕೆಲಸ ತಿಂದವರ ಹತ್ತಿರಾನೇ ಹೋಗಿ ಕೆಲಸ ಕೇಳಿದೆ" ಎಂದು ನಗುತ್ತಾರೆ. ಅವರಿಗೆ ಫೋನ್ ಎತ್ತುವವರು ಬೇಕಿತ್ತು.

ಕೂರಲು ಜಾಗ ಕೊಟ್ಟದ್ದು ಡೆವಲಪರುಗಳ ನಡುವೆಯೇ. ಸುತ್ತ ಮೂವತ್ತು ಜೋಡಿ ಕೈಗಳು, ದಿನವಿಡೀ ಕೀಲಿಗಳ ಸದ್ದು. ಡೊನ್ಕಾ ಅವರ ಎರಡು ಕೈಗಳು ಮಾತ್ರ ಫೋನಿನ ಮೇಲೆ. "ಮದುವೆ ಮನೇಲಿ ಎಲ್ಲರೂ ಕುಣೀತಿರುವಾಗ ಕೋಟು ಕಾಯೋಕೆ ಕೂರಿಸಿದ ಹಾಗಿತ್ತು" ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಗಾಬ್ರೊವೊ ಪಟ್ಟಣದಿಂದ ರಾಲಿತ್ಸಾ ಬಂದರು. ಇಪ್ಪತ್ತೈದು ವಯಸ್ಸು. ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಸೂರ್ಯಕಾಂತಿ ಬೀಜ ಸುಲಿಯುತ್ತಾ, ಬೇರೆಯವರು ವಾರವೆಲ್ಲ ಒದ್ದಾಡುವುದನ್ನು ಒಂದು ಸಂಜೆಯಲ್ಲಿ ಕಲಿತು ಏಳುವ ಹುಡುಗಿ. "ಅವಳು ಟೈಪ್ ಮಾಡೋದು ನೋಡ್ತಾ ನೋಡ್ತಾ ನನ್ನ ಬೆರಳು ನೋಯ್ತಿತ್ತು" ಎನ್ನುತ್ತಾರೆ ಡೊನ್ಕಾ. ಒಮ್ಮೆ ಪರದೆಯಲ್ಲಿ ಏನಿದೆಯೆಂದು ಬಗ್ಗಿ ನೋಡಿದಾಗ ರಾಲಿತ್ಸಾ ಪ್ರೀತಿಯಿಂದಲೇ, "ಬಿಡಿ ಡೊನ್ಕಕ್ಕ, ನಿಮಗೆ ತಲೆನೋವು ಬರುತ್ತೆ" ಎಂದಿದ್ದರಂತೆ. ಮುನ್ನೂರ ಹನ್ನೆರಡು ಸಾಲಿನ ಮಾತು ನಾಲಿಗೆ ತುದಿಗೆ ಬಂತು. ಡೊನ್ಕಾ ಅದನ್ನು ನುಂಗಿಕೊಂಡರು. ನುಂಗಿದ್ದು ಒಳಗೆ ಹೋಗಿ ಮುಳ್ಳಾಯಿತು.

ಕಳೆದ ವರ್ಷದ ಚಳಿಗಾಲದಲ್ಲಿ ರಾಲಿತ್ಸಾ ಮತ್ತು ಇನ್ನೂ ಏಳು ಮಂದಿ ಒಂದು ಹೊಸ ವಿದ್ಯೆಯ ಬೆನ್ನು ಹತ್ತಿದರು. ಹಿಂದಿನ ವರ್ಷಗಳ ಮಾಹಿತಿ ನೋಡಿ ನಾಳೆ ಯಾವ ಕೇಂದ್ರದ ಹಾಲು ಮೊದಲು ಹುಳಿಯಾಗುತ್ತದೆ ಎಂದು ಯಂತ್ರವೇ ಊಹಿಸಬೇಕು, ಟ್ಯಾಂಕರನ್ನು ಮೊದಲು ಅಲ್ಲಿಗೆ ಕಳಿಸಬೇಕು. ಆಗ ಡೇರಿಯು ವಾರಕ್ಕೆ ಸುಮಾರು ಸಾವಿರದ ನಾನೂರು ಲೀಟರ್ ಹಾಲನ್ನು ಹುಳಿಯೆಂದು ತಳ್ಳಿಹಾಕುತ್ತಿತ್ತು. ತಳ್ಳಿದ ಹಾಲು ಚರಂಡಿಗೆ, ಹಾಕಿದವರಿಗೆ ಏನೂ ಇಲ್ಲ. ಪ್ಲಾಮೆನ್ ಫೆಬ್ರವರಿಯಲ್ಲೇ ಹೇಳಿಬಿಟ್ಟಿದ್ದರು: ಮೇ ಹೊತ್ತಿಗೆ ಈ ಕಲಿಕೆಯಿಂದ ಹಾಲು ಉಳಿಯಬೇಕು. ಇಲ್ಲದಿದ್ದರೆ ಡೇರಿ ನಮ್ಮನ್ನು ಬಿಡುತ್ತದೆ, ನಾನು ಶುಕ್ರವಾರದ ಕಲಿಕೆಯನ್ನು ಬಿಡುತ್ತೇನೆ.

ಏಪ್ರಿಲ್ ಕೊನೆಗೆ ಹೊಸ ಪಟ್ಟಿ ಚಾಲಕರ ಮೊಬೈಲಿಗೆ ಬಂತು. ದಿನವೂ ಅದರಲ್ಲಿ ಮೊದಲ ಹೆಸರು ಮೇಲಿನ ಬ್ರೆಸ್ತಾ. ಬೆಟ್ಟದ ತುದಿಯ ಊರು, ಹಳೆಯ ತಂಪು ಪೆಟ್ಟಿಗೆ, ವಿದ್ಯುತ್ ಬಂದು ಹೋಗುವ ಜಾಗ. ಯಂತ್ರದ ಊಹೆ ಸರಿಯಾಗಿಯೇ ಇತ್ತು. ಆದರೆ ಮಿಂಚೊ ಯಾವತ್ತಿನಂತೆ ಕೆಳಗಿನ ಊರುಗಳಿಂದಲೇ ಶುರು ಮಾಡಿ ಕೊನೆಗೆ ಅಲ್ಲಿಗೆ ಹೋಗುತ್ತಿದ್ದರು. ರಾಲಿತ್ಸಾ ಊಹೆಯನ್ನು ಇನ್ನಷ್ಟು ಚುರುಕು ಮಾಡಿದರು. ಮಿಂಚೊ ಬದಲಾಗಲಿಲ್ಲ. ಮೂರನೇ ದಿನ ರಾಲಿತ್ಸಾ ಡೊನ್ಕಾ ಅವರ ಮೇಜಿನ ಬಳಿ ಬಂದು ನಿಂತರು.

"ಡೊನ್ಕಕ್ಕ, ಮಿಂಚೊ ಅಣ್ಣ ಯಾಕೆ ಮೇಲಿನ ಬ್ರೆಸ್ತಾಗೆ ಮೊದಲು ಹೋಗಲ್ಲ? ಹಠಾನಾ?"

ಡೊನ್ಕಾ ಅವರಿಗೆ ಉತ್ತರ ಗೊತ್ತಿತ್ತು. ಹದಿನಾಲ್ಕು ವರ್ಷ ಆ ದಾರಿ ನೋಡಿಕೊಂಡವರು. ಹಿಂದಿನ ಸಂಜೆಯ ಹಾಲು ಇಟ್ಟಿರುವ ಮೇಲಿನ ಬ್ರೆಸ್ತಾದ ಕೇಂದ್ರದ ಬೀಗದ ಕೈ ಇರುವುದು ಗಾನಾ ಎಂಬ ಅಜ್ಜಿಯ ಹತ್ತಿರ. ಗಾನಾ ಮೊದಲು ತಮ್ಮ ಕುರಿಗಳ ಹಾಲು ಕರೆದು, ಆಮೇಲೆ ಬಂದು ಬಾಗಿಲು ತೆಗೆಯುವುದು ಆರೂವರೆಗೆ. ಐದೂಕಾಲಿಗೆ ಹೋದರೆ ಮಿಂಚೊ ಒಂದೂಕಾಲು ಗಂಟೆ ಬೀಗ ನೋಡುತ್ತಾ ನಿಲ್ಲಬೇಕು, ಅಷ್ಟರಲ್ಲಿ ಕೆಳಗಿನ ಊರುಗಳ ಹಾಲು ಕೆಡುತ್ತದೆ. ಚಾಲಕರಿಗೆ ಇದು ಎಷ್ಟು ಸಹಜವೆಂದರೆ, ಹೇಳಬೇಕಾದ ಸಂಗತಿ ಎಂದೇ ಅವರಿಗೆ ಅನ್ನಿಸಿರಲಿಲ್ಲ.

"ಯಂತ್ರಾನೇ ಕೇಳಮ್ಮ" ಎಂದರು ಡೊನ್ಕಾ. "ಅದಕ್ಕೆ ಎಲ್ಲಾ ಗೊತ್ತಲ್ಲ."

ಹೇಳಿ ಫೋನು ಎತ್ತಿಕೊಂಡರು. ಫೋನು ಬಂದೇ ಇರಲಿಲ್ಲ.

ಆ ಎರಡು ವಾರ ತಮ್ಮೊಳಗೆ ಏನಿತ್ತು ಎಂಬುದನ್ನು ಡೊನ್ಕಾ ಮುಚ್ಚಿಡುವುದಿಲ್ಲ. ರಾಲಿತ್ಸಾ ಊಟ ಬಿಟ್ಟು ಪರದೆಗೆ ಅಂಟಿಕೊಂಡದ್ದನ್ನು ನೋಡಿದರು. ಸೂರ್ಯಕಾಂತಿ ಬೀಜದ ಪೊಟ್ಟಣ ಬಿಚ್ಚದೆ ಬಿದ್ದಿದ್ದನ್ನು ನೋಡಿದರು. "ಒಳಗೊಂದು ಹಿತ ಇತ್ತು, ಸುಳ್ಳು ಹೇಳಲ್ಲ. ನೋಡು, ನೀನೂ ಒಂದು ಬಾಗಿಲ ಮುಂದೆ ನಿಂತಿದ್ದೀಯ, ಬೀಗದ ಕೈ ನನ್ನ ಜೇಬಲ್ಲಿದೆ ಅನ್ನೋ ಹಿತ." ಸಂಜೆ ಮನೆಗೆ ಹೋಗಿ ಗೆಂಚೊ ಅವರಿಗೆ ಹೇಳಿದರೆ, ಅವರು ಚಮಚ ಕೆಳಗಿಟ್ಟು, "ಹೊಟ್ಟೆಕಿಚ್ಚಿನಲ್ಲಿ ರಾಕಿಯಾ ಬಟ್ಟಿ ಇಳಿಸೋ ಹಾಗಿದ್ರೆ ನಮ್ಮನೆಗೆ ಸೌದೆ ತರೋದೇ ಬೇಡವಾಗಿತ್ತು ಕಣೇ" ಎಂದರಂತೆ. ಡೊನ್ಕಾ ನಕ್ಕರು. ಮರುದಿನವೂ ಹೇಳಲಿಲ್ಲ.

ಹದಿನಾಲ್ಕು ದಿನದಲ್ಲಿ ಒಂಬತ್ತು ದಿನ ಮೇಲಿನ ಬ್ರೆಸ್ತಾದ ಹಾಲು ಹುಳಿಯೆಂದು ವಾಪಸಾಯಿತು. ಅದರ ನಡುವೆ ಕುರಿ ಸಾಕುವವರ ದೊಡ್ಡ ಹಬ್ಬ ಗೆರ್ಗ್ಯೊವ್ದೆನ್ ಕೂಡ ಬಂದು ಹೋಯಿತು. ಕುರಿಗಳು ತುಂಬು ಹಾಲು ಕೊಡುವ ಕಾಲ. ಹಬ್ಬದ ದಿನ ಎಲ್ಲರ ಮನೆಯಲ್ಲೂ ಕುರಿಮರಿ ಬೇಯುತ್ತಿದ್ದಾಗ ಡೇರಿಯ ಚರಂಡಿಯಲ್ಲಿ ಇನ್ನೂರ ತೊಂಬತ್ತು ಲೀಟರ್ ಹಾಲು ಬೆಳ್ಳಗೆ ಹರಿಯುತ್ತಿತ್ತು. ಆ ಸಂಗತಿಯನ್ನು ಡೊನ್ಕಾ ಅವರಿಗೆ ಫೋನಿನಲ್ಲಿ ಹೇಳಿದ್ದು ಮಿಂಚೊ ಅವರೇ.

ಅದಾದ ಮೇಲಿನ ಶುಕ್ರವಾರ ಸಭೆ ಸೇರಿತು. ಪ್ಲಾಮೆನ್ ಅವರ ಕೈಯಲ್ಲಿ ಡೇರಿಯ ಪತ್ರವಿತ್ತು.

"ಚಳಿಗಾಲ ಪೂರ್ತಿ ಕಲಿತಿರಿ" ಎಂದರು. "ಎಂಟು ಜನ. ಉಳಿಸಿದ ಒಂದು ಲೀಟರ್ ಹಾಲು ತೋರಿಸಿ, ಸಾಕು."

ರಾಲಿತ್ಸಾ ಎದ್ದು ನಿಂತರು. ಚಾಲಕರ ಮೇಲೆ ತಪ್ಪು ಹೊರಿಸುತ್ತಾರೆಂದು ಎಲ್ಲರೂ ಕಾದರು. "ನನ್ನ ತಪ್ಪು" ಎಂದರು ರಾಲಿತ್ಸಾ. "ಎಲ್ಲಿ ಅಂತ ಗೊತ್ತಾಗ್ತಿಲ್ಲ, ಆದ್ರೆ ನನ್ನದೇ. ಇವರ್ಯಾರದ್ದೂ ಅಲ್ಲ. ನಿಲ್ಲಿಸೋದಾದ್ರೆ ನನ್ನೊಬ್ಬಳ ಶುಕ್ರವಾರ ನಿಲ್ಲಿಸಿ."

ಈ ಗಳಿಗೆಗಾಗಿ ಡೊನ್ಕಾ ಎರಡು ವಾರ ಕಾದಿದ್ದರು. ಬಂದಾಗ ಅದರಲ್ಲಿ ರುಚಿಯೇ ಇರಲಿಲ್ಲ. "ಅವಳ ಕಿವಿ ಕೆಂಪಗಾಗಿತ್ತು" ಎಂದು ನೆನೆಯುತ್ತಾರೆ. "ಗಣಕ ಕೇಂದ್ರದ ಬಾಗಿಲು ಹಾಕಿದ ದಿನ ನನ್ನ ಕಿವಿಯೂ ಹಾಗೇ ಸುಡ್ತಿತ್ತು. ಅವತ್ತು ಯಾರಾದ್ರೂ ಒಬ್ಬರು ಎದ್ದು ಮಾತಾಡಬಹುದಿತ್ತು. ಯಾರೂ ಏಳಲಿಲ್ಲ."

ಡೊನ್ಕಾ ಎದ್ದರು. "ಗಾನಾ ಬಾಗಿಲು ತೆಗೆಯೋದು ಆರೂವರೆಗೆ" ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಬೀಗ, ಕುರಿ, ಬೆಟ್ಟದ ದಾರಿ ಎಲ್ಲವನ್ನೂ ಬಿಡಿಸಿ ಹೇಳಿದರು. ಹೇಳಿ ಮುಗಿಸಿದಾಗ ರಾಲಿತ್ಸಾ ಡೊನ್ಕಾ ಅವರತ್ತ ತಿರುಗಿದರು.

"ನಾನು ಬಂದು ಕೇಳಿದ ದಿನ ನಿಮಗಿದು ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೊಟ್ಟೆಕಿಚ್ಚಿಗೆ" ಎಂದರು ಡೊನ್ಕಾ.

ಕೆಲಸ ಹೋಯಿತೆಂದೇ ಡೊನ್ಕಾ ಅಂದುಕೊಂಡಿದ್ದರು. ಪ್ಲಾಮೆನ್ ಡೇರಿಯ ಪತ್ರವನ್ನು ಮಡಚಿ ಇಷ್ಟೇ ಹೇಳಿದರು: "ಇದನ್ನ ನನಗೆ ಹೇಳಿ ಏನು ಪ್ರಯೋಜನ? ನಾಳೆ ಬೆಳಿಗ್ಗೆ ಹೋಗಿ ಆ ಅಜ್ಜಿಗೆ ಹೇಳು. ಹೀಗೇ ಹೇಳು, ಒಂದು ಮಾತೂ ಬಿಡದೆ."

ಮರುದಿನ ಶನಿವಾರ. ಡೊನ್ಕಾ ಮೇಲಿನ ಬ್ರೆಸ್ತಾ ತಲುಪಿದಾಗ ಎಪ್ಪತ್ತೆರಡರ ಗಾನಾ ಕುರಿ ದೊಡ್ಡಿಯಲ್ಲಿ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಡೊನ್ಕಾ ಬೇಲಿಯಾಚೆಯಿಂದಲೇ ಎಲ್ಲ ಹೇಳಿದರು. ಗಾನಾ ತಲೆ ಎತ್ತಲಿಲ್ಲ, ಕೈಯೂ ನಿಲ್ಲಲಿಲ್ಲ.

"ಎಷ್ಟು ಚೆಲ್ಲಿತು?" ಎಂದರು.

"ಎರಡು ಸಾವಿರದ ಆರುನೂರು ಲೀಟರ್. ಇಡೀ ಊರಿಂದು."

"ನೀನು ಒಂದು ಮಾತು ಕೇಳಿದ್ರೆ ಅವತ್ತೇ ಬೀಗದ ಕೈ ಕೊಡ್ತಿದ್ದೆ. ಮಿಂಚೊ ಕೇಳಲಿಲ್ಲ, ನಾನು ಕೊಡಲಿಲ್ಲ. ಅವನಿಗೆ ಗೊತ್ತಿರಲಿಲ್ಲ ಹಾಲು ಕೆಡೋದು ಬೀಗದಿಂದ ಅಂತ. ನಿನಗೆ ಗೊತ್ತಿತ್ತು." ಗಾನಾ ಎದ್ದು ಬಕೆಟ್ಟನ್ನು ಡೊನ್ಕಾ ಅವರ ಕಾಲ ಬಳಿ ಇಟ್ಟರು. "ಆ ಹುಡುಗಿ ಮೇಲೆ ನಿನಗೆ ಹೊಟ್ಟೆ ಉರಿ. ಸರಿ. ನನ್ನ ಕುರಿ ನಿನಗೇನು ಮಾಡಿತ್ತು? ಇನ್ನೂ ನಲವತ್ತು ಬಾಕಿ ಇವೆ. ಕೂತ್ಕೊ, ಕರಿ."

ಡೊನ್ಕಾ ಕೂತರು. ನಲವತ್ತು ಕುರಿ ಕರೆಯುವಷ್ಟರಲ್ಲಿ ಬೆರಳು ಮಡಚಲು ಬಾರದಂತಾಯಿತು. ಮುಗಿದ ಮೇಲೆ ಗಾನಾ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾದ ಒಂದು ತುಂಡು ಮತ್ತು ಬೀಗದ ಕೈಯನ್ನು ಒಟ್ಟಿಗೆ ತಂದು ಮುಂದಿಟ್ಟರು. "ತಿಂದು ಹೋಗು. ಕ್ಷಮಿಸಿದೀನಿ ಅಂತ ಅಂದ್ಕೋಬೇಡ, ಬಿಸಿ ಇದೆ ಅಂತ ಕೊಟ್ಟಿದ್ದು" ಎಂದರು. ಎಲೆನಾದ ಬೀಗದ ಅಂಗಡಿಯಲ್ಲಿ ಅವತ್ತೇ ಇನ್ನೊಂದು ಬೀಗದ ಕೈ ಮಾಡಿಸಿದ್ದಾಯಿತು.

ಸೋಮವಾರ ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಮಿಂಚೊ ಆ ಬಾಗಿಲು ತೆರೆದರು. ರಾಲಿತ್ಸಾ ಒಂದೇ ಮಧ್ಯಾಹ್ನದಲ್ಲಿ ಪ್ರೋಗ್ರಾಂಗೆ ಹೊಸ ಅಂಕಣ ಸೇರಿಸಿದರು: ಬಾಗಿಲು ತೆಗೆಯುವ ಹೊತ್ತು. ಇಪ್ಪತ್ತಮೂರು ಕೇಂದ್ರಗಳಿಗೂ ಫೋನು ಮಾಡಿ ಕೇಳಿದಾಗ ಇನ್ನೂ ಆರು ಕಡೆ ಇದೇ ಕಥೆ ಎಂದು ಗೊತ್ತಾಯಿತು. ಒಂದು ಕಡೆ ಬೀಗದ ಕೈ ಚರ್ಚಿನ ಪಾದ್ರಿಯ ಹತ್ತಿರ ಇತ್ತು. ಜೂನ್ ಮುಗಿಯುವ ಹೊತ್ತಿಗೆ ವಾರಕ್ಕೆ ಸಾವಿರದ ನಾನೂರು ಲೀಟರ್ ಕೆಡುತ್ತಿದ್ದದ್ದು ನೂರಿಪ್ಪತ್ತಕ್ಕೆ ಇಳಿದಿತ್ತು. ಡೇರಿ ಉಳಿಯಿತು. ಶುಕ್ರವಾರವೂ ಉಳಿಯಿತು. ಚಳಿಗಾಲದ ಕಲಿಕೆ ಕೊನೆಗೂ ಹಾಲಿಗೆ ಬಂದು ಮುಟ್ಟಿತ್ತು, ನಡುವೆ ಅಡ್ಡ ನಿಂತಿದ್ದದ್ದು ಒಂದು ಬೀಗ ಮತ್ತು ಒಬ್ಬ ಹೆಂಗಸಿನ ಮೌನ.

ಆರು ವಾರ ರಾಲಿತ್ಸಾ ಡೊನ್ಕಾ ಅವರ ಜೊತೆ ಮಾತಾಡಲಿಲ್ಲ. ಜುಲೈನಲ್ಲಿ ಒಂದು ದಿನ ಕುರ್ಚಿ ಎಳೆದುಕೊಂಡು ಬಂದು, ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಒತ್ತಿ ಮೇಜಿನ ಮೇಲಿಟ್ಟರು.

"ಹೇಳಿ."

"ಏನು ಹೇಳಲಿ?"

"ನಿಮಗೆ ಗೊತ್ತಿರೋದೆಲ್ಲ. ಒಂದೊಂದು ಊರಿಂದು. ಇನ್ಮೇಲೆ ಯಾವುದೂ ನಿಮ್ಮ ಜೇಬಲ್ಲಿ ಇರಬಾರದು."

ಹೇಳಿ ಮುಗಿಯಲು ಹನ್ನೊಂದು ಮಧ್ಯಾಹ್ನ ಹಿಡಿಯಿತು. ಅದರಿಂದಲೇ ಈಗ ಕಂಪನಿಯಲ್ಲಿ ನಡೆದಿರುವ ಪದ್ಧತಿ ಹುಟ್ಟಿತು. ಪ್ರತಿ ಡೆವಲಪರಿಗೂ ಒಂದು ಹಾಳೆ, ಅದರಲ್ಲಿ ಮೂರು ಪ್ರಶ್ನೆ: ಏನು ಕಲಿತೆ, ಅದರಿಂದ ಏನು ಮಾಡಿದೆ, ಯಾರ ಹಾಲು ಉಳಿಯಿತು. ಮೂರನೆಯದು ಖಾಲಿ ಇದ್ದರೆ ಆ ಡೆವಲಪರನ್ನು ಡೊನ್ಕಾ ಟ್ಯಾಂಕರ್ ಹತ್ತಿಸುತ್ತಾರೆ. ಕೆಲವು ಸಲ ಕಲಿತದ್ದು ಉಪಯೋಗಕ್ಕೆ ಬರಲು ವರ್ಷವಾಗುತ್ತದೆ, ಕೆಲವು ಸಲ ಬರುವುದೇ ಇಲ್ಲ. "ಆಗ ಬರಲಿಲ್ಲ ಅಂತಲೇ ಬರೀತೀನಿ" ಎನ್ನುತ್ತಾರೆ. "ಕಲಿತವರಿಗೆ ಬೇಜಾರಾಗಲಿ ಅಂತಲ್ಲ. ಸುಳ್ಳು ಲೀಟರ್ ಬರೆದ್ರೆ ನಿಜವಾದ ಲೀಟರಿಗೂ ಬೆಲೆ ಇರಲ್ಲ."

ಕೆಲಸ ಚೆನ್ನಾಗಿ ನಡೆಯಿತೆಂದು ಕಿಚ್ಚು ಆರಿತು ಎಂದುಕೊಂಡರೆ ತಪ್ಪು. ಅಕ್ಟೋಬರಿನಲ್ಲಿ ರಾಜಧಾನಿ ಸೋಫಿಯಾದಲ್ಲಿ ಸಾಫ್ಟ್‌ವೇರ್‌ನವರ ದೊಡ್ಡ ಸಮಾವೇಶ. ಕಲಿಕೆಯಿಂದ ಹಾಲು ಉಳಿದ ಕಥೆ ಹೇಳಲು ರಾಲಿತ್ಸಾ ಅವರಿಗೆ ಕರೆ ಬಂತು. ವೇದಿಕೆ, ಬೆಳಕು, ಇಪ್ಪತ್ತು ನಿಮಿಷ. ಟರ್ನೊವೊದ ಕಚೇರಿಯಲ್ಲಿ ಎಲ್ಲರೂ ಪರದೆಯಲ್ಲಿ ನೋಡಿದರು. ಬೀಗದ ಕಥೆ ಬಂದಾಗ ರಾಲಿತ್ಸಾ, "ನಮ್ಮ ಸಹೋದ್ಯೋಗಿಯೊಬ್ಬರು ತಿಳಿಸಿದರು" ಎಂದು ಮುಂದೆ ಹೋದರು.

"ಎದ್ದು ಹೋಗಿ ಲೋಟ ತೊಳೆದೆ" ಎನ್ನುತ್ತಾರೆ ಡೊನ್ಕಾ. "ಆಗಲೇ ತೊಳೆದಿಟ್ಟ ಲೋಟಗಳು."

ರಾಲಿತ್ಸಾ ಅವರನ್ನು ಕೇಳಿದರೆ ಬೇರೆ ಮಾತು ಸಿಗುತ್ತದೆ. "ಹೆಸರು ಹೇಳಿದ್ರೆ ಪೂರ್ತಿ ಕಥೆ ಹೇಳಬೇಕಿತ್ತು. ಸಾವಿರ ಜನರ ಮುಂದೆ ಅವರ ಮಾನ ಕಳೆಯೋದು ಬೇಡ ಅನ್ನಿಸ್ತು."

ಈ ಮಾತನ್ನು ಮುಟ್ಟಿಸಿದಾಗ ಡೊನ್ಕಾ ಒಪ್ಪಲಿಲ್ಲ. "ಬಯ್ದಾದ್ರೂ ಹೇಳಬೇಕಿತ್ತು" ಎಂದರು. "ಡೊನ್ಕಾ ಮಿಹೊವಾ ಅನ್ನೋ ಕೆಟ್ಟ ಹೆಂಗಸು ಅಂತಾದ್ರೂ."

ಚಳಿಗಾಲ ಬಂದಾಗ ಡೊನ್ಕಾ ಪ್ಲಾಮೆನ್ ಅವರ ಕೋಣೆಗೆ ಹೋಗಿ ತಮಗೂ ಶುಕ್ರವಾರ ಮಧ್ಯಾಹ್ನ ಬೇಕೆಂದು ಕೇಳಿದರು. ಹನ್ನೊಂದು ವರ್ಷದಲ್ಲಿ ಫೋನ್ ಎತ್ತುವವರಿಗೂ ಕಲಿಕೆ ಬೇಕೇ ಎಂದು ಯಾರೂ ಕೇಳಿರಲಿಲ್ಲ, ಅವರೂ ಬಾಯಿ ಬಿಟ್ಟಿರಲಿಲ್ಲ. ಯಾರ ಹಾಲಿಗೆ ಎಂದು ಪ್ಲಾಮೆನ್ ಕೇಳಿದರು. ಮಿಂಚೊ ಅವರ ಕಣ್ಣಿಗೆ, ಎಂದರು ಡೊನ್ಕಾ. ಅರವತ್ತು ದಾಟಿದ ಮಿಂಚೊ ಕನ್ನಡಕ ಹಾಕಲು ಒಪ್ಪುವುದಿಲ್ಲ. ಮೊಬೈಲ್‌ನ ಸಣ್ಣ ಅಕ್ಷರದಲ್ಲಿ ಮೂರನ್ನು ಎಂಟು ಎಂದು ಓದಿ, ಒಳ್ಳೆಯ ಹಾಲನ್ನು ಬಿಟ್ಟು ಬಂದದ್ದು ಎರಡು ಸಲ ಆಗಿತ್ತು.

ಈಗಿನ ಕೋಡ್‌ಗೂ ಅವರ ಕಾಲದ ಕೋಡ್‌ಗೂ ಅಜ್ಜಿಗೂ ಮೊಮ್ಮಗಳಿಗೂ ಇರುವಷ್ಟು ದೂರ. ಮೂರು ತಿಂಗಳು ಡೊನ್ಕಾ ಅಕ್ಷರಾಭ್ಯಾಸದಿಂದ ಶುರು ಮಾಡಿ ಕಲಿತರು. ಕೊನೆಗೆ ಬರೆದದ್ದು ಅಂಕಿಗಳನ್ನು ದೊಡ್ಡದಾಗಿ ತೋರಿಸುವ ಹನ್ನೊಂದು ಸಾಲು. ಅದನ್ನು ನೋಡಿ ಒಪ್ಪಬೇಕಾದವರು ರಾಲಿತ್ಸಾ.

"ಎರಡು ಸಲ ವಾಪಸ್ ಕಳಿಸಿದಳು" ಎನ್ನುತ್ತಾರೆ ಡೊನ್ಕಾ. "ಮೊದಲನೇ ಸಲ ತಪ್ಪಿತ್ತು, ಒಪ್ಕೋತೀನಿ. ಎರಡನೇ ಸಲ ಬೇಕಂತಲೇ ಕಳಿಸಿದಳು ಅಂತ ನನಗೆ ಅನುಮಾನ."

ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದ ರಾಲಿತ್ಸಾ ಬೀಜದ ಸಿಪ್ಪೆ ಉಗುಳಿ, "ಎರಡನೇ ಸಲ ಬೇಕಂತಲೇ" ಎನ್ನುತ್ತಾರೆ.

ಒಂಬತ್ತೂವರೆಗೆ ಟ್ಯಾಂಕರ್ ಡೇರಿಗೆ ಮರಳುತ್ತದೆ. ವೆಸೆಲಿನ್ ಅವರ ಬೂಟು ಈಗ ಬಿಳಿಯಾಗಿ ಉಳಿದಿಲ್ಲ. ಅವರು ಮಿಂಚೊ ಅವರ ಅಂಗೈಯ ಫೋಟೊ ತೆಗೆದುಕೊಳ್ಳುತ್ತಾರೆ, ಇಳಿಯುವ ಮೊದಲೇ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಬರೆಯಲು ಶುರು ಮಾಡುತ್ತಾರೆ. ಬೆರಳುಗಳು ಸರಸರನೆ ಓಡುತ್ತವೆ. ಡೊನ್ಕಾ ಆ ಬೆರಳುಗಳನ್ನೇ ನೋಡುತ್ತಾ ನಿಲ್ಲುತ್ತಾರೆ. ಮುಖದಲ್ಲಿ ತೃಪ್ತ ಗುರುವಿನ ಕಳೆಯೇನೂ ಇಲ್ಲ. ಹಬ್ಬದೂಟದ ಕಿಟಕಿಯಾಚೆ ನಿಂತು ನೋಡುವವರ ಮುಖ ಅದು.

ನಿವೃತ್ತಿಗೆ ಇನ್ನು ಐದು ವರ್ಷ. ಅಷ್ಟರಲ್ಲಿ ಏನಾಗಬೇಕು ಎಂದು ಕೇಳಿದರೆ ಡೊನ್ಕಾ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ.

"ನನ್ನನ್ನ ನೋಡಿ ಯಾರಿಗಾದ್ರೂ ಒಬ್ಬರಿಗೆ ಹೊಟ್ಟೆಕಿಚ್ಚಾಗಬೇಕು" ಎನ್ನುತ್ತಾರೆ. "ಜಾಸ್ತಿ ಬೇಡ. ಒಂದು ಮಧ್ಯಾಹ್ನಕ್ಕೆ ಆಗೋವಷ್ಟು ಸಾಕು."